ಗಾಡಿ ನೀರು ಕುಡಿಯುವುದಿಲ್ಲ ಸ್ವಾಮಿ

"ಎಂಜಿನ್ ಚೆನ್ನಾಗಿದೆ ಅಣ್ಣ. ಸ್ವಲ್ಪ ನೀರು ಕುಡಿಯುತ್ತೆ, ಅಷ್ಟೇ."

ಮಡಿಕೇರಿಯಲ್ಲಿ ಗ್ಯಾರೇಜ್ ಇಟ್ಟು 26 ವರ್ಷವಾಯಿತು. ಈ ಮಾತು ಕೇಳದ ತಿಂಗಳಿಲ್ಲ. ಹೇಳುವವರ ಮುಖದಲ್ಲಿ ಒಂಥರಾ ಅಕ್ಕರೆ ಬೇರೆ, ಕೊಟ್ಟಿಗೆಯ ಹಸುವಿನ ಬಗ್ಗೆ ಹೇಳಿದ ಹಾಗೆ. ಹಸು ಕುಡಿದದ್ದು ಹಾಲಾಗಿಯೋ ಇನ್ನೊಂದಾಗಿಯೋ ಹೊರಗೆ ಬರುತ್ತದೆ. ಕಾರು ಕುಡಿದದ್ದು ಎಲ್ಲಿಗೆ ಹೋಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಹಳೆ ಕಾರು ತಗೋಬೇಡಿ ಅಂತ ನಾನು ಹೇಳುತ್ತಿಲ್ಲ. ನನ್ನ ಅನ್ನ ನಡೆಯುವುದೇ ಹಳೆ ಕಾರಿನಿಂದ. 12-15 ವರ್ಷದ ಗಾಡಿ ಅಂದಮೇಲೆ ಕ್ಲಚ್, ಬುಷ್, ಬ್ಯಾಟರಿ, ಟೈರ್ ಖರ್ಚು ಇದ್ದದ್ದೇ. ನಮ್ಮ ಮಳೆಗೆ, ತೋಟದ ಕೆಸರಿಗೆ ಅಡಿಭಾಗ ತುಕ್ಕು ಹಿಡಿಯುವುದೂ ಇದ್ದದ್ದೇ. 15 ವರ್ಷ ತುಂಬಿದರೆ ಆರ್‌ಸಿ ನವೀಕರಣ, ಆಮೇಲೆ 5 ವರ್ಷಕ್ಕೊಮ್ಮೆ ಅದೇ ಓಡಾಟ. ಇವೆಲ್ಲ ಮೊದಲೇ ಲೆಕ್ಕ ಹಾಕಬಹುದಾದ ಖರ್ಚು. ಕಾಫಿ ದುಡ್ಡು ಬಂದಾಗ ಮಾಡಿಸಿದರಾಯಿತು. ಲೆಕ್ಕಕ್ಕೆ ಸಿಗದೆ ಜೇಬು ಕೊಯ್ಯುವುದು ಈ ನೀರಿನ ವಿಷಯ.

ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ಕಾರಿನ ಕೂಲಿಂಗ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಪೆಟ್ರೋಲ್ ಉರಿದು ಮುಗಿಯುತ್ತದೆ, ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಮುಗಿಯುವುದಿಲ್ಲ. ಅದೇ ದ್ರವ ಎಂಜಿನ್ನಿಗೆ ಹೋಗಿ ಬಿಸಿಯಾಗಿ, ರೇಡಿಯೇಟರಿಗೆ ಬಂದು ತಣಿದು, ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಬಿಸಿಯಾದಾಗ ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಟ್ಟ ಏರುತ್ತದೆ, ತಣಿದಾಗ ಇಳಿಯುತ್ತದೆ. ಅದಕ್ಕೆ ಹೆದರಬೇಡಿ. ಹಳೆ ಗಾಡಿಯಲ್ಲಿ ವರ್ಷಕ್ಕೆ ಒಂದು ಲೋಟ ಕಡಿಮೆಯಾದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ವಾರವಾರ ಅರ್ಧ ಲೀಟರ್ ಬೇಕಾಗುತ್ತಿದ್ದರೆ ಎಲ್ಲೋ ತೂತಾಗಿದೆ. ಒಂದೋ ಹೊರಗೆ ಸೋರುತ್ತಿದೆ, ಇಲ್ಲ ಒಳಗೆ. ಮೂರನೆಯ ದಾರಿಯೇ ಇಲ್ಲ.

ಹೊರಗಿನ ಸೋರಿಕೆ ಒಳ್ಳೆಯ ಸುದ್ದಿ. ಹೋಸ್ ಬಿರುಕು ಬಿಟ್ಟಿರುತ್ತದೆ, ಕ್ಲಿಪ್ ಸಡಿಲಾಗಿರುತ್ತದೆ, ವಾಟರ್ ಪಂಪಿನ ಸೀಲ್ ಹೋಗಿರುತ್ತದೆ. ಎದುರಿನ ಕಾರ್ಪೆಟ್ ಒದ್ದೆಯಾಗಿದ್ದರೆ ಹೀಟರ್ ನೋಡಬೇಕು. ಒಳಗಿನದು ಕೆಟ್ಟದ್ದು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸಿಲಿಂಡರಿಗೋ ಆಯಿಲಿಗೋ ಇಳಿಯುತ್ತದೆ. ಹಾಗಂತ ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯಂಥದ್ದು ಕಂಡ ಕೂಡಲೇ ಹೆಡ್ ಹೋಯಿತು ಅಂತ ಅಳಬೇಡಿ. ದಿನಾ ಮನೆಯಿಂದ ಪೇಟೆಗೆ 2 ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ, ಈ ಥಂಡಿಗೆ, ಸುಮ್ನೆ ತೇವಕ್ಕೂ ಹಾಗಾಗುತ್ತದೆ. ಬಿಳಿ ಹೊಗೆಯೂ ಅಷ್ಟೇ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಬಿಳಿ ಹೊಗೆ ಬಿಡದ ಗಾಡಿ ಯಾವುದಿದೆ? ಬಿಸಿಯಾದ ಮೇಲೂ ಬಿಡುತ್ತಿದ್ದರೆ ತನ್ನಿ, ನೋಡೋಣ. ನೋಡದೆ ಫೋನಿನಲ್ಲೇ ಹೇಳಿ ಅಂದರೆ ನಾನು ಹೇಳುವುದಿಲ್ಲ.

"ಕೂಲೆಂಟ್ ಯಾಕೆ, ನಮ್ಮ ತೋಡಿನ ನೀರು ಬಿಸ್ಲೇರಿಗಿಂತ ಶುದ್ಧ" ಅನ್ನುವವರೂ ಇದ್ದಾರೆ. ಇರಬಹುದು, ಕುಡಿಯಲು. ಬರೀ ನೀರಿಗೆ ತುಕ್ಕು ತಡೆಯುವ ಗುಣವಿಲ್ಲ. ಕುದಿಯುವ ಲೆಕ್ಕವೂ ಬೇರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ ಓಡುವುದೇ 90ರ ಹತ್ತಿರ. ಸರಿಯಾದ ಕೂಲೆಂಟ್ ಮಿಶ್ರಣ, ರೇಡಿಯೇಟರಿಗೆ ಗಟ್ಟಿಯಾದ ಕ್ಯಾಪ್ (ಮುಚ್ಚಳ) ಎರಡೂ ಇದ್ದರೆ ಒತ್ತಡ ನಿಂತು, 120 ಡಿಗ್ರಿಯಲ್ಲೂ ಕುದಿಯದೆ ತಡೆಯುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದರೆ ಒಳಗಿರುವುದು ತೆರೆದ ಪಾತ್ರೆಯೇ. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಅದೇ ದಿನ ಅಂಗಡಿಗೆ ಓಡುತ್ತೀರಿ. ಇದಕ್ಕೆ ಯಾಕೆ ವರ್ಷಗಟ್ಟಲೆ ಕಾಯುತ್ತೀರಿ?

ನಮ್ಮ ಸುಬೇದಾರ್ ಸಾಹೇಬ್ರ ಕಥೆ ಹೇಳಲೇಬೇಕು. ಮಿಲಿಟರಿಯಿಂದ ನಿವೃತ್ತರಾಗಿ ಬಂದವರು, ಶಿಸ್ತಿನ ಮನುಷ್ಯ. ಮೈಸೂರಿನಿಂದ 13 ವರ್ಷದ ಕಾರು ತಂದರು. ಪ್ರತಿ ಭಾನುವಾರ ಬೆಳಿಗ್ಗೆ ಸರಿಯಾಗಿ 7 ಗಂಟೆಗೆ ಬಾನೆಟ್ ಎತ್ತಿ ಅರ್ಧ ಲೀಟರ್ ನೀರು ಹಾಕುತ್ತಿದ್ದರು. ಡಿಕ್ಕಿಯಲ್ಲಿ ಯಾವಾಗಲೂ ಎರಡು ಬಾಟಲಿ. "ಅದು ಎಲ್ಲಿಗೆ ಹೋಗುತ್ತೆ ಸಾಹೇಬ್ರೇ?" ಅಂದರೆ, "ಹಳೇ ಸೈನಿಕ, ಬಾಯಾರಿಕೆ ಜಾಸ್ತಿ" ಅಂದು ನಗುತ್ತಿದ್ದರು. ಸುಳ್ಯದಲ್ಲಿರುವ ಮಗಳ ಮನೆಯಿಂದ ವಾಪಸ್ ಬರುವಾಗ, ಸಂಪಾಜೆ ಘಾಟಿಯ ಏರಿನಲ್ಲಿ, ಮದೆನಾಡು ಇನ್ನೂ ಸಿಕ್ಕಿರಲಿಲ್ಲ, ಗಾಡಿ ನಿಂತಿತು. ನನಗೆ ಫೋನ್. "ಮೀಟರ್ ಮುಳ್ಳು ಮಧ್ಯದಲ್ಲೇ ಇತ್ತಪ್ಪ, ನಾನು ನೋಡುತ್ತಲೇ ಇದ್ದೆ!"

ಸುಳ್ಳಲ್ಲ, ನೋಡುತ್ತಲೇ ಇದ್ದರು. ಅದೇ ತೊಂದರೆ. ಶಾಖ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸತ್ಯ ಹೇಳುತ್ತದೆ. ನೀರು ಪೂರಾ ಖಾಲಿಯಾದರೆ ಅದು ಬರೀ ಗಾಳಿಯಲ್ಲಿ ಕೂತಿರುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಆರಾಮಾಗಿ ನಿಂತಿರಬಹುದು. ಹಾಗಾಗಿ ಮುಳ್ಳನ್ನು ನಂಬಿ ಬಾಟಲಿ ನೋಡದೆ ಇರಬೇಡಿ. ಏರಿನಲ್ಲಿ ಎಳೆತ ಕಡಿಮೆಯಾಯಿತು, ಹೀಟರ್ ಹಾಕಿದರೆ ತಣ್ಣನೆ ಗಾಳಿ ಬಂತು ಅಂದರೆ ಅಲ್ಲೇ ಬದಿಗೆ ಹಾಕಿ ಆಫ್ ಮಾಡಿ.

ಸಾಹೇಬ್ರು ಇನ್ನೊಂದು ಕೆಲಸ ಮಾಡಿದ್ದರು. ಪಕ್ಕದ ಝರಿಯಿಂದ ತಣ್ಣೀರು ತಂದು ಕಾದ ಎಂಜಿನ್ನಿಗೆ ಸುರಿದಿದ್ದರು. ಕ್ಯಾಪ್ ತೆಗೆಯುವಾಗ ಕೈ ಸುಟ್ಟುಕೊಳ್ಳದೆ ಉಳಿದದ್ದೇ ಪುಣ್ಯ. ಒಳಗೆ ಒತ್ತಡವಿದ್ದಿದ್ದರೆ ಮುಖಕ್ಕೇ ಹಾರುತ್ತಿತ್ತು. ಅಲ್ಯುಮಿನಿಯಂ ಹೆಡ್ ಬೆಂಡಾಗಿ ಬಿರುಕು ಬಿಟ್ಟಿತ್ತು. ಫೇಸಿಂಗ್ ಮಾಡಿ, ಅಂದರೆ ಉಜ್ಜಿ ಮಟ್ಟ ಮಾಡಿ, ಉಳಿಸುವ ಹಾಗಿರಲಿಲ್ಲ. ಬೇರೆ ಹೆಡ್, ಗ್ಯಾಸ್ಕೆಟ್, ಆಯಿಲ್, ಕೂಲಿ, ಟೋಯಿಂಗ್ ಎಲ್ಲಾ ಸೇರಿ 30 ಸಾವಿರ ದಾಟಿತು. ಮೊದಲಿಗೆ ಹೋಗಿದ್ದು ಏನು ಗೊತ್ತಾ? ವಾಟರ್ ಪಂಪಿನ ಸೀಲ್. ಆಗಲೇ ತಂದಿದ್ದರೆ ಆ ಗಾಡಿಗೆ ಮೂರೋ ನಾಲ್ಕೋ ಸಾವಿರದಲ್ಲಿ ಮುಗಿಯುತ್ತಿತ್ತು. ಎಲ್ಲಾ ಗಾಡಿಗೂ ಇದೇ ದರ ಅಂತ ತಿಳಿಯಬೇಡಿ. ಡೀಸೆಲ್ ಆದರೆ ಇನ್ನೂ ಜಾಸ್ತಿ.

ಕೆಲವು ಕಡೆ ಹೀಟ್ ಆಗುತ್ತೆ ಅಂದರೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್, ತೆಗೆದು ಬಿಸಾಡುತ್ತಾರೆ. ದಯವಿಟ್ಟು ಬೇಡ. ನಮ್ಮ ಥಂಡಿಯಲ್ಲಿ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ತಿನ್ನುತ್ತದೆ.

ಹಳೆ ಕಾರು ನೋಡಲು ಹೋಗುವವರು ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಆರಲು ಬಿಡಿ, ಅಲ್ಲಿಯವರೆಗೆ ಚಹಾ ಕುಡಿಯಿರಿ. ಕ್ಯಾಪ್ ತೆಗೆದು ಒಳಗಿನ ಬಣ್ಣ ನೋಡಿ. ಹಸಿರೋ ಕೆಂಪೋ ಇದ್ದರೆ ಸಮಾಧಾನ. ತುಕ್ಕಿನ ನೀರಿದ್ದರೆ ಅದು ಆ ಗಾಡಿಯ ಜಾತಕ. ನಾನಂತೂ ಬಾನೆಟ್‌ಗಿಂತ ಮೊದಲು ಡಿಕ್ಕಿ ತೆಗೆಯುತ್ತೇನೆ. ಹೋದ ತಿಂಗಳು ಕುಶಾಲನಗರದಲ್ಲಿ ಒಬ್ಬ ಗಿರಾಕಿ ಜೊತೆ ಹೋಗಿದ್ದೆ. ಫಳಫಳ ಹೊಳೆಯುವ ಗಾಡಿ. ಡಿಕ್ಕಿಯ ಮೂಲೆಯಲ್ಲಿ ಎರಡು ಲೀಟರಿನ ಬಾಟಲಿ, ತಳದಲ್ಲಿ ಪಾಚಿ.

"ಇದು ಯಾಕೆ?" ಅಂದೆ.

"ಕುಡಿಯೋಕೆ ಸಾರ್, ದೂರ ಹೋಗುವಾಗ."

ಮುಚ್ಚಳ ತಿರುಗಿಸಿ ಅವರ ಕೈಗೇ ಕೊಟ್ಟೆ. ಅವರು ಕುಡಿಯಲಿಲ್ಲ.