ಬಣ್ಣ ನೋಡಿ ‘ರೋಹ್ರಿ’ ಎಂದು ಬರೆಯಬೇಡಿ

ಗುಜರಾತಿನ ಹರಪ್ಪ ನೆಲೆಗಳಲ್ಲಿ ಸಿಕ್ಕ ಕಲ್ಲುಗಳ ಚೀಲ ಬಿಚ್ಚಿದರೆ ಒಂದು ಬಗೆಯ ಬ್ಲೇಡು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಬೆರಳಿನಷ್ಟು ಉದ್ದ, ಎರಡೂ ಅಂಚು ಗೆರೆ ಎಳೆದಷ್ಟು ನೇರ, ಬೂದುಗಂದು ಬಣ್ಣದ ಚರ್ಟ್, ಅಂದರೆ ಒಡೆದರೆ ಹರಿತ ಅಂಚು ಬರುವ ಗಟ್ಟಿ, ನುಣುಪು ಕಲ್ಲು. ನೋಡಿದವರು ಕೂಡಲೇ ‘ರೋಹ್ರಿ’ (ರೋಹ್ರಿ ಬೆಟ್ಟಗಳಿಂದ ಬಂದ ಕಲ್ಲು) ಎಂದು ಚೀಟಿ ಬರೆದುಬಿಡುತ್ತಾರೆ. ಎಷ್ಟೋ ಸಲ ಅದು ಸರಿಯೂ ಹೌದು. ಆದರೂ ಬಣ್ಣ ಒಂದನ್ನೇ ನಂಬಿ ಬರೆದ ಚೀಟಿಯನ್ನು ನಾನು ಒಪ್ಪುವುದಿಲ್ಲ.

ರೋಹ್ರಿ ಬೆಟ್ಟಗಳಿರುವುದು ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ, ಸಿಂಧೂ ನದಿಯ ಪೂರ್ವಕ್ಕೆ. ಅಲ್ಲಿನ ಇಯೊಸೀನ್ ಕಾಲದ, ಅಂದರೆ ಕೋಟ್ಯಂತರ ವರ್ಷ ಹಳೆಯ, ಸುಣ್ಣಕಲ್ಲಿನೊಳಗೆ ಚರ್ಟ್ ಉಂಡೆ ಉಂಡೆಯಾಗಿ ಹುದುಗಿದೆ. ಹಳೆ ಶಿಲಾಯುಗದವರೂ ಅಲ್ಲಿ ಕಲ್ಲು ಒಡೆದಿದ್ದಾರೆ, ಹರಪ್ಪದವರೂ ಒಡೆದಿದ್ದಾರೆ. 1990ರ ದಶಕದಲ್ಲಿ ಇಟಲಿ ಮತ್ತು ಪಾಕಿಸ್ತಾನದ ಪುರಾತತ್ವಜ್ಞರು ಜೊತೆಗೂಡಿ ಹರಪ್ಪ ಕಾಲದ ಕಲ್ಲುಗೆಲಸದ ತಾಣಗಳನ್ನು ಅಲ್ಲಿ ಅಗೆದು ತೋರಿಸಿದರು.

ಕಲ್ಲಿನ ಹಳೆಯ ಮೈಯನ್ನು ನೆಚ್ಚುವಂತಿಲ್ಲ. ಮಣ್ಣಿನಲ್ಲಿ ಹೂತಿದ್ದರೆ ಬಿಳುಚುತ್ತದೆ, ಬೆಂಕಿ ತಗುಲಿದರೆ ಕೆಂಪಾಗುತ್ತದೆ. ಹಾಗಾಗಿ ಅಗೆಯುವಾಗ ಕರಣೆ ತಾಗಿ ಚೂರು ಎದ್ದ ಜಾಗ ಇದೆಯೇ ಎಂದು ಮೊದಲು ಹುಡುಕುತ್ತೇನೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಅಲ್ಲಿ ನುಣುಪಾದ, ಮೇಣದಂಥ ಮಂದ ಹೊಳಪು ಕಾಣಬೇಕು. ಬೆಳಕಿಗೆ ಹಿಡಿದಾಗ ತೆಳು ಅಂಚಷ್ಟೇ ಅಲ್ಲ, ದಪ್ಪಗಿರುವ ಕಡೆಯೂ ಕಲ್ಲು ಹಾಲುಮಂಜಿನಂತೆ ಬೆಳಗಿದರೆ ಅದು ಬಹುಶಃ ಗುಜರಾತಿನದೇ ಕ್ಯಾಲ್ಸಿಡೋನಿ, ಅಂದರೆ ಅರೆಪಾರದರ್ಶಕವಾದ ಇನ್ನೊಂದು ಬಗೆಯ ಕಲ್ಲು.

ಆಮೇಲೆ ಸಿಪ್ಪೆ. ಉಂಡೆಯ ಹೊರಮೈ ಎಲ್ಲಾದರೂ ಉಳಿದಿದ್ದರೆ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ನೊರೆ ಎದ್ದರೆ ಸುಣ್ಣದ ಅಂಶವಿದೆ, ಅಂದರೆ ಉಂಡೆ ಸುಣ್ಣಕಲ್ಲಿನೊಳಗಿಂದ ಬಂದಿರಬಹುದು. ಮೋಸ ಹೋಗುವುದು ಇಲ್ಲೇ: ಶತಮಾನಗಳ ಕಾಲ ಒಣನೆಲದಲ್ಲಿ ಬಿದ್ದಿದ್ದ ಕಲ್ಲಿಗೆ ಮಣ್ಣಿನ ಸುಣ್ಣವೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಅದೂ ನೊರೆಯೇಳುತ್ತದೆ. ಆ ಅಂಟು ಮನುಷ್ಯ ಚಕ್ಕೆ ಎಬ್ಬಿಸಿದ ಗುಳಿಗಳ ಮೇಲೂ ಹರಡಿರುತ್ತದೆ. ನಿಜವಾದ ಸಿಪ್ಪೆ ಚಕ್ಕೆ ಎದ್ದ ಗೆರೆಗೆ ಬಂದು ಕಡಿದ ಹಾಗೆ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಶುರುವಿನಲ್ಲಿ ನಾನು ಕೆಲವು ಚೀಟಿಗಳನ್ನು ತಪ್ಪಾಗಿ ಬರೆದಿದ್ದೆ. ಒಂದು ಎಚ್ಚರಿಕೆ: ಪೈರು ಕೊಯ್ದು ಹೊಳಪೇರಿದ ಅಂಚಿನ ಹತ್ತಿರ ಆಮ್ಲ ತರಲೇಬೇಡಿ.

ಒಂದೇ ಬ್ಲೇಡಿನ ಮುಂದೆ ಕೂತು ತೀರ್ಮಾನ ಹೇಳಬಾರದು. ಇಡೀ ಚೀಲ ಸುರುವಿ. ಅದೇ ಕಲ್ಲಿನ ತಿರುಳು (ಬ್ಲೇಡು ಎಬ್ಬಿಸಿದ ಮೇಲೆ ಉಳಿಯುವ ಗಟ್ಟಿ), ಸಿಪ್ಪೆಯುಳ್ಳ ಚಕ್ಕೆ, ಪುಡಿಚೂರು ಯಾವುದೂ ಇಲ್ಲದೆ ಬರೀ ಬ್ಲೇಡುಗಳಿದ್ದರೆ ಅವು ಬೇರೆಡೆ ತಯಾರಾಗಿ ಬಂದವು ಎನ್ನಲು ಬಲ ಬರುತ್ತದೆ. ಇಷ್ಟೆಲ್ಲ ಕೂಡಿಬಂದರೂ ಪ್ರಯೋಗಾಲಯದಲ್ಲಿ ರಾಸಾಯನಿಕ ಹೋಲಿಕೆ ಆಗುವವರೆಗೆ ನನ್ನ ಚೀಟಿಯಲ್ಲಿ ಇರುವುದು ‘ರೋಹ್ರಿ ಮಾದರಿ’ ಎಂದಷ್ಟೇ, ಪಕ್ಕದಲ್ಲಿ ಯಾವ ಗುರುತು ನೋಡಿ ಹಾಗೆಂದೆ ಎಂಬ ಒಂದು ಸಾಲು.