ಐಕ್ಯೂ ರಿಪೋರ್ಟಿನ ಆ ಒಂದು ನಂಬರು

ಹೋದ ತಿಂಗಳು ಒಬ್ಬ ತಾಯಿ ಮಗನ ಐಕ್ಯೂ, ಅಂದರೆ ಬುದ್ಧಿ ಅಳೆಯುವ ಪರೀಕ್ಷೆಯ, ರಿಪೋರ್ಟ್ ತಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿತ್ತು, 78 ಅನ್ನೋ ನಂಬರಿನ (ಸರಾಸರಿ 100) ಕೆಳಗೆ ಪೆನ್ನಿನ ಗೆರೆ. "ಮೇಡಂ, ಇವನ ತಲೆ ಇಷ್ಟೇನಾ?" ಅಂದರು. ನಾಲ್ಕನೇ ಕ್ಲಾಸಿನ ಹುಡುಗ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ.

ನನಗೆ ಸಂಕಟವಾಗುವುದು ಇಲ್ಲೇ. ಈ ಪರೀಕ್ಷೆ ಹುಟ್ಟಿದ್ದು ಮಕ್ಕಳ ಹಣೆಗೆ ಚೀಟಿ ಅಂಟಿಸುವುದಕ್ಕಲ್ಲ. 1905ರಲ್ಲಿ ಪ್ಯಾರಿಸ್‌ನಲ್ಲಿ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಮತ್ತು ಅವರ ಜೊತೆಗಾರ ಸಿಮೋನ್ ಇದನ್ನು ಮಾಡಿದ್ದು, ಶಾಲೆಯಲ್ಲಿ ಯಾವ ಮಗುವಿಗೆ ಜಾಸ್ತಿ ಸಹಾಯ ಬೇಕು ಅಂತ ತಿಳಿಯೋಕೆ. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಬೆಳೆಯುವುದಿಲ್ಲ ಅನ್ನೋ ಮಾತನ್ನು ಬಿನೆ ಒಪ್ಪುತ್ತಲೇ ಇರಲಿಲ್ಲ.

ಹಾಗಾದರೆ ಬುದ್ಧಿ ಒಂದೇನಾ, ಹಲವಾ? ಒಂದು ವಿಷಯದಲ್ಲಿ ಚುರುಕಾದ ಮಕ್ಕಳು ಸಾಮಾನ್ಯವಾಗಿ ಉಳಿದವುಗಳಲ್ಲೂ ಚುರುಕು, ಅದಕ್ಕೆಲ್ಲ ಒಂದು ಸಮಾನ ಶಕ್ತಿ ಇರಬೇಕು ಅಂದವರು ಇಂಗ್ಲೆಂಡಿನ ಸ್ಪಿಯರ್‌ಮನ್, 1904ರಲ್ಲಿ. (ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿದ್ದು ಇವರ ಕೈಕೆಳಗೇ.) 1983ರಲ್ಲಿ ಮನೋವಿಜ್ಞಾನಿ ಗಾರ್ಡ್ನರ್ ಬುದ್ಧಿ ಏಳು ಬಗೆ ಅಂದರು. ತಂದೆತಾಯಿಗೆ ಇದು ತುಂಬಾ ಇಷ್ಟ, ಆದರೆ ಆಧಾರ ತೆಳು ಅಂತಲೇ ನನ್ನ ಅಭಿಪ್ರಾಯ. ನನ್ನ ಕೆಲಸಕ್ಕೆ ಹೆಚ್ಚು ಒದಗುವುದು ಇನ್ನೊಬ್ಬ ಮನೋವಿಜ್ಞಾನಿ ಕ್ಯಾಟೆಲ್ ಹೇಳಿದ್ದು: ಹೊಸ ಸಮಸ್ಯೆ ಬಿಡಿಸುವ ಬುದ್ಧಿ ಬೇರೆ, ಓದಿ, ಕೇಳಿ, ಮಾತಿನಿಂದ ಕೂಡಿಟ್ಟ ಬುದ್ಧಿ ಬೇರೆ.

ಈ ಹುಡುಗನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು. ಕೆಂಪು ಬಿಳಿ ಬಣ್ಣದ ಬ್ಲಾಕುಗಳನ್ನು ಕೊಟ್ಟು ಚಿತ್ರದಲ್ಲಿದ್ದಂತೆ ಜೋಡಿಸು ಅಂದೆ. ಕೈ ಹಾಕುವ ಮೊದಲು ಒಂದು ನಿಮಿಷ ಸುಮ್ನೆ ನೋಡಿದ, ಆಮೇಲೆ ಒಂದನ್ನೂ ತಪ್ಪದೆ ಜೋಡಿಸಿದ. ಆ 78 ಬಂದ ಮೊದಲ ಪರೀಕ್ಷೆ ನಡೆದಿದ್ದು ಇಂಗ್ಲಿಷಿನಲ್ಲಿ, ಮನೆಯಲ್ಲಿ ಆಡುವುದು ಕನ್ನಡ. ಪದದ ಅರ್ಥ ಕೇಳುವ ಪ್ರಶ್ನೆಗಳಲ್ಲಿ ಅವನು ಬಿದ್ದಿದ್ದೇ ಅದಕ್ಕೆ, ಅಲ್ವಾ? ಇದು ಹಳೇ ಪಾಠ. 1930ರ ದಶಕದಲ್ಲೇ ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯ ಅಮೆರಿಕದ ರೂಪವಾದ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಅಂತ ನಾವು ಕಲಿಯುವುದು ಅದನ್ನೇ.

ಇಷ್ಟು ಬೇಗ ಅದೇ ಪರೀಕ್ಷೆಯನ್ನು ಮತ್ತೆ ಮಾಡಬಾರದು, ರೂಢಿಯಾಗಿ ಅಂಕ ಏರಿಬಿಡುತ್ತದೆ. ಹಾಗಾಗಿ ಬೇರೆಯದನ್ನು ಕನ್ನಡದಲ್ಲೇ ಮಾಡಿದೆ. ಮಾತಿನ ಪ್ರಶ್ನೆಗಳಿಗೂ ಚೆನ್ನಾಗಿಯೇ ಉತ್ತರಿಸಿದ. ಕೊರತೆ ಕಂಡಿದ್ದು ಒಂದೇ ಕಡೆ: ಅಂಕಿಗಳನ್ನು ಹಿಂದಿನಿಂದ ಹೇಳು ಅಂದರೆ ಮೂರರವರೆಗೆ ಸರಿ, ನಾಲ್ಕಾದರೆ ಒಂದು ಜಾರಿ ಹೋಗುತ್ತಿತ್ತು. ಅಂದರೆ ಕೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವುದು ಅವನಿಗೆ ಕಷ್ಟ.

ರಿಪೋರ್ಟಿನ ಮೊದಲ ಪುಟದಲ್ಲಿ ನಂಬರು ಹಾಕಲಿಲ್ಲ. ಕ್ಲಾಸ್ ಟೀಚರಿಗೆ ಮೂರು ಸಾಲು ಬರೆದೆ: ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮೊದಲು ಕನ್ನಡದಲ್ಲಿ ಹೇಳಿ, ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಿಡಿ.