ಹತ್ತಕ್ಕೆ ಹತ್ತು ಯಾರ ಅಂಕ?

"ಮನೆ ಹಳೆಯದಾದರೂ ಪರವಾಗಿಲ್ಲ, ಶಾಲೆ ಮಾತ್ರ 9 ಅಥವಾ 10 ಇರಬೇಕು." ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮನೆ ಕೊಡಿಸುವ ಕೆಲಸ ನನ್ನದು. ನಮ್ಮ ಕನ್ನಡದವರು ಬಂದ ಕೂಡಲೇ ಹೇಳುವ ಮಾತು ಇದು. ಇಲ್ಲಿ ಸರ್ಕಾರಿ ಶಾಲೆಗೆ ಮನೆಯ ವಿಳಾಸ ನೋಡಿ ಸೇರಿಸಿಕೊಳ್ಳುತ್ತಾರೆ. ಮನೆ ಹುಡುಕುವ ಜಿಲ್ಲೋ ವೆಬ್‌ಸೈಟಿನಲ್ಲಿ ಮನೆಯ ವಿವರದ ಕೆಳಗೆ, ಶಾಲೆಗಳಿಗೆ 1ರಿಂದ 10ರವರೆಗೆ ಅಂಕ ಕೊಡುವ ಗ್ರೇಟ್‌ಸ್ಕೂಲ್ಸ್ ಸಂಸ್ಥೆಯ ಅಂಕೆ ಇರುತ್ತದಲ್ಲ, ಅದು. 7 ಅಂತ ಕಂಡರೆ ಕಾರಿನಿಂದಲೇ ಇಳಿಯುವುದಿಲ್ಲ.

ಯಾವ ಶಾಲೆ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಜನಾಂಗ, ಧರ್ಮ ನೋಡಿ ಗಿರಾಕಿಗಳನ್ನು ಒಂದು ಬಡಾವಣೆಯ ಕಡೆ ತಿರುಗಿಸುವುದು 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ತಪ್ಪು. ಶಾಲೆಯ ಮಾತು ಬೇಗ ಅಲ್ಲಿಗೆ ಜಾರುತ್ತದೆ. ಆದರೆ ಅಂಕೆಯನ್ನು ಹೇಗೆ ಓದಬೇಕು ಅಂತ ಹೇಳಬಹುದು.

ಆ ಅಂಕೆ ಹೆಚ್ಚಾಗಿ ನಿಂತಿರುವುದು ರಾಜ್ಯದ ಪರೀಕ್ಷೆಯ ಮೇಲೆ. ಇಲ್ಲಿ ಅದು ಶುರುವಾಗುವುದು 3ನೇ ತರಗತಿಯಲ್ಲಿ. ಅಷ್ಟರಲ್ಲಿ ಮಗುವಿಗೆ ಎಂಟು ವರ್ಷ. ಮನೆಯ ಪುಸ್ತಕಗಳು, ಅಪ್ಪ ಅಮ್ಮನ ಓದು, ಸಂಜೆಯ ಟ್ಯೂಷನ್ ಎಲ್ಲ ಸೇರಿ ಆ ಅಂಕ ಬಂದಿರುತ್ತದೆ. ಹಾಗಾಗಿ ಸರಾಸರಿ ಅಂಕ ಮುಖ್ಯವಾಗಿ ಹೇಳುವುದು ಯಾರ ಮನೆಯ ಮಕ್ಕಳು ಆ ಶಾಲೆಗೆ ಬರುತ್ತಾರೆ ಅಂತ. ಬಂದವರಿಗೆ ಶಾಲೆ ಎಷ್ಟು ಕಲಿಸಿತು ಅನ್ನುವುದು ಬೇರೆಯೇ ಲೆಕ್ಕ. ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 100 ಅಂತ ಬ್ಯಾನರ್ ಕಟ್ಟುವ ಕೆಲವು ಶಾಲೆಗಳು ಒಂಬತ್ತನೇ ತರಗತಿಯಲ್ಲೇ ಕಷ್ಟಪಡುವ ಮಕ್ಕಳ ಕೈಗೆ ಟಿ.ಸಿ. ಕೊಡುತ್ತಿದ್ದವು, ನೆನಪಿದೆ ಅಲ್ವಾ? ಆ ನೂರನ್ನು ನಾವು ನಂಬುತ್ತಿರಲಿಲ್ಲ. ಇಲ್ಲಿ ಬಂದು ಯಾಕೆ ನಂಬುತ್ತೇವೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಶಾನ್ ರಿಯರ್ಡನ್ ಅಮೆರಿಕದ ಬಹುತೇಕ ಎಲ್ಲ ಶಾಲಾ ಡಿಸ್ಟ್ರಿಕ್ಟ್‌ಗಳ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿಗಳು) ಅಂಕಗಳನ್ನು ಹೀಗೆ ಎರಡಾಗಿ ಬಿಡಿಸಿ ನೋಡಿದ್ದಾರೆ. ಶಿಕಾಗೊ ಮಕ್ಕಳ ಸರಾಸರಿ ಕಡಿಮೆ. ಆದರೆ 3ರಿಂದ 8ನೇ ತರಗತಿಯ ಐದು ವರ್ಷಗಳಲ್ಲಿ ಅವರು ಆರು ವರ್ಷದಷ್ಟು ಕಲಿತಿದ್ದರು! ಗ್ರೇಟ್‌ಸ್ಕೂಲ್ಸ್ ಕೂಡ ಪ್ರಗತಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಎಲ್ಲ ಕಲಸಿ ಒಂದೇ ಅಂಕೆ ಮಾಡಿದಾಗ ಅದು ಕಾಣುವುದಿಲ್ಲ, ಅಷ್ಟೇ. ದಯವಿಟ್ಟು ಆ ಅಂಕೆಯನ್ನು ಒತ್ತಿ, ಒಳಗಿನ ಪುಟ ತೆರೆದು ನೋಡಿ.

ದಾವಣಗೆರೆಯ ಒಂದು ಜೋಡಿ ಬಂದಿತ್ತು. ಮಗಳಿಗೆ ನಾಲ್ಕು ವರ್ಷ. ಹಿತ್ತಲು, ನಿಂಬೆ ಗಿಡ ಇದ್ದ ಮನೆಯೊಂದು ಇಬ್ಬರಿಗೂ ತುಂಬಾ ಹಿಡಿಸಿತು. ಆದರೆ ಶಾಲೆ 7. 10 ಇರುವ ಕಡೆ ಹೋದರೆ ಒಬ್ಬರ ಸಂಬಳ ಪೂರ್ತಿ ಸಾಲದ ಕಂತಿಗೇ ಹೋಗುತ್ತಿತ್ತು. "ಸುಮ್ನೆ ಒಂದು ದಿನ ಬೆಳಿಗ್ಗೆ ಎಂಟಕ್ಕೆ ಆ ಶಾಲೆಯ ಗೇಟಿನ ಹತ್ತಿರ ನಿಂತು ಬನ್ನಿ" ಎಂದೆ. ಹೋದರು. ಪ್ರಿನ್ಸಿಪಾಲರು ಒಬ್ಬೊಬ್ಬ ಮಗುವನ್ನೂ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಆ ತಾಯಿಯ ದನಿಯೇ ಬೇರೆಯಾಗಿತ್ತು. ಆ ಮನೆಯನ್ನೇ ತೆಗೆದುಕೊಂಡರು.

ಇನ್ನೊಂದು ಕುಟುಂಬ 10ರ ಆಸೆಗೆ ಕೈ ಮೀರಿ ಹಣ ಹಾಕಿತು. ಆಗಸ್ಟ್‌ನಲ್ಲಿ ಸೇರಿಸಲು ಹೋದರೆ ತರಗತಿ ಭರ್ತಿ. ಮಗುವನ್ನು ಬೇರೆ ಶಾಲೆಗೆ ಕಳಿಸಿದರು. ಮನೆ ಆ ಶಾಲೆಯ ಗಡಿಯೊಳಗಿದ್ದರೂ ಹೀಗಾಗಬಹುದು. ಗಡಿಯೂ ಬದಲಾಗಬಹುದು. ಇಲ್ಲಿಗೆ ಹೆಚ್ಚು ದೂರವಿಲ್ಲದ ಕ್ಯುಪರ್ಟಿನೊದಲ್ಲಿ ಮಕ್ಕಳು ಕಡಿಮೆಯಾಗಿ 2022ರಲ್ಲಿ ಪ್ರಾಥಮಿಕ ಶಾಲೆಗಳನ್ನೇ ಮುಚ್ಚಿದ್ದಾರೆ. ಮನೆ ಕೊಳ್ಳಲು ಆಫರ್ ಹಾಕುವ ಮುಂಚೆ ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ, ಮನೆಯ ವಿಳಾಸ ಕೊಟ್ಟು, ಈ ವರ್ಷ ಜಾಗ ಇದೆಯಾ ಅಂತ ನೀವೇ ಕೇಳಿ.